ಪಿಕಪ್ ಗುಂಯ್ ಅಂದರೆ ಮೊದಲು ಕಿವಿ ಕೊಡಿ, ಆಮೇಲೆ ಪಾನಾ ಹಿಡಿಯಿರಿ

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಗದಗಿನ ಓದುಗರೊಬ್ಬರ ಪತ್ರ ಬಂದಿತ್ತು. ನಸುಕಿನಲ್ಲಿ ಎಪಿಎಂಸಿ ಕಡೆ ಹೋಗುವ ಪಿಕಪ್ ಗಾಡಿಗಳು ಗುಂಯ್ ಅಂತ ಕೂಗುತ್ತಾ ಹೋಗುತ್ತವೆ, ಮನೆಯಲ್ಲಿ ಮಕ್ಕಳು ಮುದುಕರಿಗೆ ನಿದ್ದೆ ಇಲ್ಲ, ಇಂಥ ಗಾಡಿಗಳನ್ನು ಹಿಡಿದು ದಂಡ ಹಾಕಿ ಅಂತ ಅವರ ದೂರು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬಲ್ ಮೀರಬಾರದು ಎಂಬ 2000ನೇ ಇಸವಿಯ ನಿಯಮವನ್ನೂ ಅವರು ಎತ್ತಿ ಬರೆದಿದ್ದರು. ನಿಯಮ ಇರುವುದು ನಿಜ. ಅವರ ನಿದ್ದೆ ಕೆಡುತ್ತಿರುವುದೂ ನಿಜ. ಆದರೆ ಚಾಲಕರು ಬೇಕಂತಲೇ ಹೀಗೆ ಮಾಡುತ್ತಾರೆ ಅನ್ನುವ ಮಾತು ಮಾತ್ರ ಸರಿ ಅಲ್ಲ.

ನಾನು ಬೆಟಗೇರಿಯವನು. ಸ್ವಂತ ಪಿಕಪ್ ಇದೆ, ನಾನೇ ಓಡಿಸುತ್ತೇನೆ. ರೋಣ, ನರಗುಂದ, ಮುಂಡರಗಿ ಕಡೆಯ ಹೊಲಗಳಿಂದ ಉಳ್ಳಾಗಡ್ಡಿ, ಹೆಸರು, ಮೆಣಸಿನಕಾಯಿ ತುಂಬಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹಾಕುವುದು ನನ್ನ ಕೆಲಸ. ಸೀಸನ್‌ನಲ್ಲಿ ಬ್ಯಾಡಗಿಗೂ ಹೋಗುತ್ತೇನೆ. ಆ ಗುಂಯ್ ಅನ್ನುವ ಶಬ್ದ ಹಾರ್ನ್ ಅಲ್ಲ, ಸೈಲೆನ್ಸರ್ ಅಲ್ಲ, ಟೇಪ್ ರೆಕಾರ್ಡರ್ ಅಲ್ಲ. ನಿಮ್ಮ ಮನೆ ಮುಂದೆ ಅದು ಅರ್ಧ ನಿಮಿಷ ಕೇಳುತ್ತದೆ. ಚಾಲಕ ಗದಗಿನಿಂದ ಹುಬ್ಬಳ್ಳಿಯವರೆಗೆ, ಸುಮಾರು 60 ಕಿ.ಮೀ., ಅದರ ಮೇಲೇ ಕೂತಿರುತ್ತಾನೆ. ಕೇಳಿ ಖುಷಿಪಡುವವನು ಯಾರೂ ಇಲ್ಲ. ಖರ್ಚು ಬರ್ತಾ ಇದೆ ಅಂತ ಆ ಶಬ್ದ ಹೇಳುತ್ತಿರುತ್ತದೆ, ಎಷ್ಟು ಖರ್ಚು ಅಂತ ಹೇಳುವುದಿಲ್ಲ, ಅಷ್ಟೇ.

ದಂಡ ಹಾಕಿದರೆ ಶಬ್ದ ಹೋಗುವುದಿಲ್ಲ. ಶಬ್ದ ಹೋಗಬೇಕಾದರೆ ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕು. ನಮ್ಮ ಕಡೆ ಸಮಸ್ಯೆ ಇರುವುದೇ ಇಲ್ಲಿ. ಗ್ಯಾರೇಜಿನಲ್ಲಿ ಬಿಚ್ಚಿದ್ದಕ್ಕೆ ಕೂಲಿ ಇದೆ, ಹಾಕಿದ್ದಕ್ಕೆ ಕೂಲಿ ಇದೆ. ಕೂತು ಕೇಳಿದ್ದಕ್ಕೆ ಕೂಲಿ ಇಲ್ಲ. ಕೊಡು ಅಂದರೆ ನಾವು ಚಾಲಕರೇ ಜಗಳಕ್ಕೆ ನಿಲ್ಲುತ್ತೇವೆ, 'ಏನ್ ಮಾಡೀರಿ ಅಂತ ರೊಕ್ಕ ಕೊಡ್ಲಿ?' ಅಂತ. ಹಾಗಾಗಿ ಮಿಸ್ತ್ರಿಗಳು ಕೇಳುವುದನ್ನೇ ಬಿಟ್ಟಿದ್ದಾರೆ. ಗಾಡಿ ಬಂತು, ಜಾಕ್ ಹಾಕು, ಬಿಚ್ಚು.

ನನ್ನ ಗಾಡಿ ಅಳಲು ಶುರು ಮಾಡಿದ್ದು ಹಿಂಗಾರಿ ಮಳೆ ಮುಗಿದ ಮೇಲೆ. ಐವತ್ತರ ಸ್ಪೀಡಿಗೆ ಸಣ್ಣಗೆ ಶುರುವಾಗಿ ಅರವತ್ತಕ್ಕೆ ಜೋರಾಗುತ್ತಿತ್ತು. ಲೋಡ್ ಇದ್ದಾಗ ಇನ್ನೂ ಜಾಸ್ತಿ. ಒಂದು ಗ್ಯಾರೇಜಿನವರು ಹಿಂದಿನ ಎರಡೂ ಗಾಲಿ ಎತ್ತಿ, ಗೇರ್ ಹಾಕಿ, ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. 'ಕ್ರೌನ್ ಪಿನಿಯನ್ ಹೋಗೇತ್ರೀ ಅಣ್ಣಾರ. ಸೆಟ್ಟ ಹಾಕ್ಬೇಕು.' ಹಿಂದಿನ ಗಾಲಿಗಳ ನಡುವೆ ಇರುವ ಉಂಡೆಯಂಥ ಡಬ್ಬಿಯೇ ಡಿಫರೆನ್ಶಿಯಲ್. ಇಂಜಿನ್ ಕಡೆಯಿಂದ ಬರುವ ತಿರುವನ್ನು ಗಾಲಿಗಳಿಗೆ ಕೊಡುವ ಜೋಡಿ ಹಲ್ಲುಚಕ್ರ ಅದರೊಳಗೆ ಇರುತ್ತವೆ, ಸಣ್ಣದು ಪಿನಿಯನ್, ದೊಡ್ಡದು ಕ್ರೌನ್. ಆ ಗ್ಯಾರೇಜಿನವರು ಗಾಡಿಯಲ್ಲಿ ಹತ್ತಿ ಕೂರಲೇ ಇಲ್ಲ. ಗಾಳಿಯಲ್ಲಿ ಖಾಲಿ ತಿರುಗುವ ಗಾಲಿಗೆ ಭಾರ ಇರುವುದಿಲ್ಲ, ಭಾರ ಇಲ್ಲದಾಗ ಹಲ್ಲು, ಬೇರಿಂಗ್ ಯಾವುದೂ ನಿಜ ಹೇಳುವುದಿಲ್ಲ. ಇನ್ನೊಂದು ಕಡೆ ಗೇರ್ ಬಾಕ್ಸ್ ಇಳಿಸೋಣ ಅಂದರು. ಮತ್ತೊಬ್ಬರು ಗಾಡಿ ಕೆಳಗೆ ಬಗ್ಗಿ ನೋಡಿ, ಪಿನಿಯನ್ ಹತ್ತಿರ ಆಯಿಲ್ ಒಸರಿದ್ದನ್ನು ತೋರಿಸಿ, ಆಯಿಲ್ ತಡೆಯುವ ರಬ್ಬರ್ ಸೀಲ್ ಹೋಗಿದೆ ಅಂತ ಹೊಸ ಸೀಲ್ ಹಾಕಿದರು. ಆಯಿಲ್ ಮತ್ತೆ ಒಸರಿತು. ಮತ್ತೆ ಸೀಲ್. ಸೀಲ್ ಕಂಪನಿ ಸರಿ ಇಲ್ಲ ಅಂದರು. ಆಯಿಲ್ ಯಾಕೆ ಹೊರಗೆ ಬರುತ್ತಿದೆ ಅಂತ ಯಾರೂ ಕೇಳಲಿಲ್ಲ.

ಕೊನೆಗೆ ಎಪಿಎಂಸಿ ಹಮಾಲರೊಬ್ಬರ ಮಾತು ಕೇಳಿ ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಹೋದೆ. ಎಲ್ಲರೂ ಅವರನ್ನು ಚಾಚಾ ಅಂತಾರೆ. ತಗಡಿನ ಶೆಡ್ಡು, ಬೋರ್ಡೂ ಇಲ್ಲ. ಅವರು ಬಾನೆಟ್ ಎತ್ತಲಿಲ್ಲ, ಕೆಳಗೂ ಬಗ್ಗಲಿಲ್ಲ. ಕಟ್ಟೆ ಮೇಲೆ ಕೂತೇ ಕೇಳತೊಡಗಿದರು.

'ಯಾವಾಗ ಅಳತೈತಿ ತಮ್ಮಾ? ನಿಂತಾಗೋ, ಓಡುವಾಗೋ?'

ಓಡುವಾಗ ಅಂದೆ.

'ಎಷ್ಟಕ್ಕ ಚಾಲೂ ಆಗತೈತಿ? ಗೇರ್ ಬದಲ ಮಾಡಿದ್ರ ದನಿ ಬದಲ ಆಗತೈತೋ ಇಲ್ಲೋ? ಖಾಲಿ ಇದ್ದಾಗ ಹೆಂಗ, ಲೋಡಿನ್ಯಾಗ ಹೆಂಗ?'

ಕೆಲವಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಕೆಲವನ್ನು ಯಾವತ್ತೂ ಗಮನಿಸಿರಲಿಲ್ಲ. 'ನಡೀ, ಅಣ್ಣಿಗೇರಿ ರೋಡಿಗೆ ಹೋಗೂಣು' ಅಂತ ಎದ್ದರು. ಹೊರಡುವ ಮೊದಲೇ ಒಂದು ಮಾತು ಹೇಳಿದರು: 'ಇದಕ್ಕ ಬ್ಯಾರೆ ರೊಕ್ಕ ಆಗತೈತಿ. ಬಿಚ್ಚಿದ್ರೂ ಅಷ್ಟ, ಬಿಚ್ಚಲಿಲ್ಲಂದ್ರೂ ಅಷ್ಟ.' ಆಯ್ತು ಅಂದೆ. ಆಮೇಲೆ ಇದನ್ನು ಸ್ಟ್ಯಾಂಡಿನಲ್ಲಿ ಹೇಳಿದಾಗ ನಮ್ಮ ಗೆಳೆಯರು ನಕ್ಕಿದ್ದೇ ನಕ್ಕಿದ್ದು, ಅದು ಬೇರೆ ಮಾತು.

ಆ ಸವಾರಿಯಲ್ಲಿ ಅವರು ಏನೇನು ಮಾಡಿದರು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇದಕ್ಕೆ ಯಾವ ಯಂತ್ರವೂ ಬೇಡ, ಯಾವ ಚಾಲಕನೂ ಮಾಡಬಹುದು.

ಮೊದಲು ಕ್ಯಾಬಿನ್‌ನ ರಬ್ಬರ್ ಮ್ಯಾಟ್ ತೆಗೆಸಿದರು, ಕಿಟಕಿ ಏರಿಸಿದರು. ಚಪ್ಪಲಿ ಬಿಟ್ಟು ಬರಿಗಾಲನ್ನು ತಗಡಿನ ಮೇಲಿಟ್ಟರು. ಅರವತ್ತಕ್ಕೆ ಹೋಗು ಅಂದರು. ಶಬ್ದ ಬಂತು. ನ್ಯೂಟ್ರಲ್ ಮಾಡು, ಆದರೆ ಚಾವಿ ಮುಟ್ಟಬೇಡ ಅಂದರು. ಈ ಮಾತು ಎಲ್ಲರೂ ನೆನಪಿಡಬೇಕು. ಓಡುವಾಗ ಚಾವಿ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು. ಇಂಜಿನ್ ಬಂದಾದರೆ ಬ್ರೇಕಿಗೆ ವ್ಯಾಕ್ಯೂಮ್ ಸಿಗುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಇಂಜಿನ್ ಚಾಲೂ ಇಟ್ಟೇ ನ್ಯೂಟ್ರಲ್ ಮಾಡಬೇಕು. ಅದೂ ರಸ್ತೆ ಸಪಾಟಾಗಿದ್ದು, ಹಿಂದೆ ಮುಂದೆ ಗಾಡಿ ಇಲ್ಲದಾಗ ಮಾತ್ರ. ಇಂಜಿನ್ ಐಡ್ಲಿಂಗಿಗೆ ಇಳಿಯಿತು, ಶಬ್ದ ಇಳಿಯಲಿಲ್ಲ. ಗಾಡಿಯ ವೇಗ ಕಡಿಮೆ ಆದ ಹಾಗೆ ತಾನೂ ಕಡಿಮೆ ಆಯಿತು. ಅಲ್ಲಿಗೆ ಇಂಜಿನ್, ಬೆಲ್ಟ್, ಡೈನಮೋ, ಟರ್ಬೊ, ಕ್ಲಚ್ ಎಲ್ಲದರ ಮೇಲಿದ್ದ ಅನುಮಾನ ಹೋಯಿತು. ಬಾನೆಟ್ ಎತ್ತದೇನೇ!

ಆಮೇಲೆ ಅದೇ ಐವತ್ತೈದರ ಸ್ಪೀಡನ್ನು ಮೂರನೇ ಗೇರಿನಲ್ಲಿ ಹಿಡಿ, ನಾಲ್ಕರಲ್ಲಿ ಹಿಡಿ, ಐದರಲ್ಲಿ ಹಿಡಿ ಅಂದರು. ದನಿ ಒಂದೇ ಥರ ಇತ್ತು. ಹಿಂದಿನ ಗಾಲಿ ಎಳೆಯುವ ನಮ್ಮಂಥ ಗಾಡಿಗಳ ಗೇರ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ನಾಲ್ಕನೇ ಗೇರು ನೇರ. ಇಂಜಿನ್ನಿನ ತಿರುವು ಹಲ್ಲುಗಳ ಮೂಲಕ ಸುತ್ತಿ ಬರದೇ ಸೀದಾ ಹಿಂದಕ್ಕೆ ಹೋಗುತ್ತದೆ. ಉಳಿದ ಗೇರುಗಳಲ್ಲಿ ಅತ್ತು ನಾಲ್ಕರಲ್ಲಿ ಸುಮ್ಮನಾದರೆ ಗೇರ್ ಬಾಕ್ಸ್ ಮೇಲೆ ಅನುಮಾನ ಪಡಬೇಕು. ನನ್ನದು ಯಾವ ಗೇರಿಗೂ ಬದಲಾಗಲಿಲ್ಲ. ಗೇರ್ ಬಾಕ್ಸ್ ಇಳಿಸೋಣ ಅಂದವರ ಮಾತು ಕೇಳಿದ್ದರೆ ಏನಾಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ರಸ್ತೆ ಖಾಲಿ ಇದ್ದಲ್ಲಿ ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ ವಾಲಿಸಿ ಅಂದರು. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆ ಗಾಲಿ ಮೇಲೆ ಬೀಳುತ್ತದೆ. ಆಗ ಶಬ್ದ ಜೋರಾದರೆ ಬಲಗಡೆಯ ಹಬ್ ಬೇರಿಂಗ್, ಅಂದರೆ ಗಾಲಿ ನಡುವಿನ ಬೇರಿಂಗ್ ಮೇಲೆ ಅನುಮಾನ, ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆಯದು. ನನ್ನ ಗಾಡಿಯಲ್ಲಿ ವ್ಯತ್ಯಾಸ ಆಗಲಿಲ್ಲ. ಹಳೇ ಡಾಂಬರಿನಿಂದ ಹೊಸ ಡಾಂಬರಿಗೆ ಹೋದಾಗಲೂ ಅದೇ ದನಿ, ಅಂದರೆ ಟೈರ್ ಅಲ್ಲ. ಈ ಟೈರಿನ ವಿಷಯದಲ್ಲಿ ನಮ್ಮ ಸ್ಟ್ಯಾಂಡಿನ ಒಬ್ಬ ಗೆಳೆಯ ಸರಿಯಾಗಿ ಸಿಕ್ಕಿಬಿದ್ದಿದ್ದ. ಹಿಂದೆ ದಪ್ಪ ಹಲ್ಲಿನ ಟೈರ್ ಹಾಕಿಸಿದ್ದ, ಅದು ಅಂಚಿನಲ್ಲಿ ಏರುಪೇರಾಗಿ ಸವೆದು ಗೊಂಯ್ ಅನ್ನುತ್ತಿತ್ತು. ಗ್ಯಾರೇಜಿನವರು ಎರಡೂ ಕಡೆ ಹಬ್ ಬೇರಿಂಗ್ ಬದಲಿಸಿ ಕಳಿಸಿದರು. ಶಬ್ದ ಅವನ ಜೊತೆಗೇ ಮನೆಗೆ ಬಂತು.

ಕೊನೆಯದು ಎಕ್ಸಿಲೇಟರ್. ಒತ್ತು, ಬಿಡು, ಒಂದೇ ಸಮ ಹಿಡಿ ಅಂತ ಮೂರು ರೀತಿ ಓಡಿಸಿ ಕೇಳಿದರು. ಒತ್ತಿದಾಗ ಅತ್ತು ಬಿಟ್ಟಾಗ ನಿಂತರೆ, ಅಥವಾ ಅದರ ಉಲ್ಟಾ ಆದರೆ, ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಹೊಂದಾಣಿಕೆ ನೋಡಬೇಕು. ಎಳೆಯುವಾಗ ಹಲ್ಲಿನ ಒಂದು ಮೈ ತಾಗುತ್ತದೆ, ಬಿಟ್ಟಾಗ ಇನ್ನೊಂದು ಮೈ. ಎರಡರಲ್ಲೂ ಶಬ್ದ ಹೆಚ್ಚೂ ಕಡಿಮೆ ಅಷ್ಟೇ ಇದ್ದರೆ ಬೇರಿಂಗ್ ಕಡೆ ನೋಡಬೇಕು. ನನ್ನದು ಎರಡನೇ ಜಾತಿ. 'ಸಣ್ಣ ದನಿ ಐತಿ ನೋಡು, ಗಾಲಿ ಬೇರಿಂಗ್ ಇಷ್ಟು ಸಣ್ಣಗ ಅಳೂದಿಲ್ಲ' ಅಂದರು. ಲೆಕ್ಕವೂ ಸರಿ. ಗಾಲಿ ಒಂದು ಸುತ್ತು ಹೊಡೆಯುವಷ್ಟರಲ್ಲಿ ಪಿನಿಯನ್ ಸುಮಾರು ನಾಲ್ಕೈದು ಸುತ್ತು ಹೊಡೆದಿರುತ್ತದೆ. ಗಾಲಿ ಬೇರಿಂಗ್ ಹೋದರೆ ಗುರ್ ಅನ್ನುತ್ತದೆ, ಪಿನಿಯನ್ ಬೇರಿಂಗ್ ಹೋದರೆ ಕುಂಯ್ ಅನ್ನುತ್ತದೆ.

ಶೆಡ್ಡಿಗೆ ಬಂದು ಗಾಡಿ ನಿಲ್ಲಿಸಿದ ಕೂಡಲೇ, ತಣ್ಣಗಾಗುವ ಮೊದಲೇ, ಅಂಗೈ ಬೆನ್ನಿನಿಂದ ಹಿಂದಿನ ಎರಡೂ ಹಬ್ ಹತ್ತಿರ ಹಿಡಿದು ನೋಡಿದರು. ಬೆಚ್ಚಗಿತ್ತು, ಎರಡೂ ಒಂದೇ ಸಮ. ಡಿಫರೆನ್ಶಿಯಲ್ ಮೂತಿ, ಅಂದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಜಾಗ, ಕೈ ಹತ್ತಿರ ಒಯ್ಯಲಾಗದಷ್ಟು ಕಾದಿತ್ತು.

ಸ್ವಲ್ಪ ಆರಿದ ಮೇಲೆ ಗಾಲಿಗೆ ಕಲ್ಲು ಕೊಟ್ಟು ಹುಡುಗನೊಬ್ಬ ಕೆಳಗೆ ಹೋದ. ಆಯಿಲ್ ತುಂಬುವ ಮೇಲಿನ ಪ್ಲಗ್ ಮೊದಲು ಬಿಚ್ಚು ಅಂದರು ಚಾಚಾ. ಯಾವಾಗಲೂ ಅದನ್ನೇ ಮೊದಲು ಬಿಚ್ಚಬೇಕಂತೆ. ಕೆಳಗಿನದನ್ನು ಬಿಚ್ಚಿ ಆಯಿಲ್ ಇಳಿಸಿದ ಮೇಲೆ ಮೇಲಿನದು ಜಾಮ್ ಆಗಿದ್ದರೆ ಗಾಡಿ ಅಲ್ಲೇ ಮಲಗುತ್ತದೆ. ಪ್ಲಗ್ ಸಡಿಲಾಗುತ್ತಲೇ ಫುಸ್ಸ್ ಅಂತ ಗಾಳಿ ಬಂತು. ಚಾಚಾ ನನ್ನ ಮುಖ ನೋಡಿದರು. 'ಕೇಳಿದಿ?'

ಕೇಳಿದ್ದೆ, ಅರ್ಥ ಆಗಿರಲಿಲ್ಲ. ಬೆರಳು ಒಳಗಿಟ್ಟು ನೋಡಿದರು. ಆಯಿಲ್ ತೂತಿನ ಕೆಳ ಅಂಚಿನವರೆಗೆ ಇರಬೇಕು. ಬೆರಳು ಮಡಚಿ ಕೆಳಗೆ ತಡಕಿದರೂ ಸಿಗಲಿಲ್ಲ, ತುದಿಗೆ ಮಾತ್ರ ಕಪ್ಪು ಅಂಟಿತ್ತು. ಅದನ್ನು ಬಿಸಿಲಿಗೆ ಹಿಡಿದರು. ಲೋಹದ ಪುಡಿ ಮಿಣ ಮಿಣ ಹೊಳೆಯುತ್ತಿತ್ತು. ಆಮೇಲೆ ಹೌಸಿಂಗ್, ಅಂದರೆ ಡಿಫರೆನ್ಶಿಯಲ್‌ನ ಹೊರ ಡಬ್ಬಿಯ ಮೇಲ್ಭಾಗಕ್ಕೆ ಕೈ ಹಾಕಿ ಒಣಗಿದ ಎರೆಮಣ್ಣನ್ನು ಉಗುರಿನಿಂದ ಕೆರೆದರು. ಅಡಿಯಲ್ಲಿ ಹೆಬ್ಬೆರಳ ತುದಿಯಷ್ಟು ಒಂದು ಟೊಪ್ಪಿ ಸಿಕ್ಕಿತು. ಬ್ರೀದರ್. ಅದು ಸುಲಭವಾಗಿ ಅಲುಗಾಡಬೇಕು. ಅದರ ಮೇಲೆ ಮಣ್ಣು ಸಿಮೆಂಟಿನಂತೆ ಕೂತಿತ್ತು.

ಗಾಡಿ ಓಡಿದಾಗ ಡಿಫರೆನ್ಶಿಯಲ್ ಕಾಯುತ್ತದೆ, ಒಳಗಿನ ಗಾಳಿ ಉಬ್ಬುತ್ತದೆ. ಆ ಗಾಳಿ ಹೊರಗೆ ಹೋಗಲೆಂದೇ ಬ್ರೀದರ್ ಇರುವುದು. ಅದು ಮುಚ್ಚಿಕೊಂಡರೆ ಗಾಳಿ ಬೇರೆ ದಾರಿ ಹುಡುಕುತ್ತದೆ. ಸಿಗುವ ದಾರಿ ಆಯಿಲ್ ಸೀಲ್. ಗಾಳಿ ಆಯಿಲನ್ನೂ ಎಳೆದುಕೊಂಡು ಹೊರಗೆ ಬರುತ್ತದೆ. ಎಷ್ಟು ಹೊಸ ಸೀಲ್ ಹಾಕಿದರೂ ಒಸರುವುದು ಇದಕ್ಕೇ. ಆಯಿಲ್ ಇಳಿದ ಹಾಗೆ ಮೊದಲು ಬಾಯಾರುವುದು ಪಿನಿಯನ್‌ನ ಮುಂದಿನ ಬೇರಿಂಗ್. ಕ್ರೌನ್ ಆಯಿಲಿನಲ್ಲಿ ಮುಳುಗಿ ತಿರುಗುವಾಗ ಮೇಲಕ್ಕೆ ಎರಚಿದ ಆಯಿಲೇ ಅದಕ್ಕೆ ಗತಿ. ಮಟ್ಟ ಇಳಿದರೆ ಎರಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಬೇರಿಂಗ್ ಒಣಗಿ, ಕಾದು, ರೋಲರ್ ಮೇಲೆ ಚುಕ್ಕೆ ಬಿದ್ದು ಅಳುತ್ತದೆ. ನೀವು ನಸುಕಿನಲ್ಲಿ ಕೇಳುವ ಗುಂಯ್ ಎಷ್ಟೋ ಗಾಡಿಗಳಲ್ಲಿ ಇದೇ ಇರಬಹುದು.

ನಮ್ಮ ಸೀಮೆಯಲ್ಲಿ ಇದು ಜಾಸ್ತಿ ಆಗಲು ಕಾರಣ ಇದೆ. ಮಳೆ ಬಂದ ಎರೆ ಹೊಲದಲ್ಲಿ ಉಳ್ಳಾಗಡ್ಡಿ ತುಂಬಲು ಹೋದ ಗಾಡಿ ನೋಡಿದ್ದೀರಾ? ಗಾಲಿ ಕಾಣುವುದಿಲ್ಲ. ಆ ಮಣ್ಣು ಒಣಗಿದರೆ ಉಳಿ ತಗೊಂಡು ಕೆತ್ತಬೇಕು. ಬೆಣ್ಣಿಹಳ್ಳ ಏರಿದಾಗ ಕೆಳಸೇತುವೆ ಮೇಲೆ ನೀರಿನಲ್ಲೇ ದಾಟಿಸುವವರೂ ಇದ್ದಾರೆ. ಜೀವಕ್ಕೇ ಅಪಾಯ, ಅದನ್ನು ನಾನು ಹೇಳಬೇಕಿಲ್ಲ. ಗಾಡಿಗೂ ಅಪಾಯ. ಕಾದ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಬ್ರೀದರ್ ಬಂದಾಗಿದ್ದರೆ ಸೀಲಿನ ಸಂದಿಯಿಂದ ನೀರೇ ಒಳಗೆ ಹೋಗುತ್ತದೆ. ಅಂಥ ಗಾಡಿಯ ಆಯಿಲ್ ಇಳಿಸಿದರೆ ಹಾಲು ಹಾಕಿದ ಚಹಾದ ಬಣ್ಣ ಇರುತ್ತದೆ. ನೀರು ತುಂಬಿದಲ್ಲಿ ಇಳಿಸಿದ ಗಾಡಿಯ ಡಿಫರೆನ್ಶಿಯಲ್ ಆಯಿಲ್ ಮರುದಿನವೇ ನೋಡಬೇಕು, ಸರ್ವೀಸ್ ಬರಲಿ ಅಂತ ಕಾಯಬಾರದು.

ಲೋಡಿನ ಮಾತೂ ಇದೆ. ಪಾಸಿಂಗ್‌ಗಿಂತ, ಅಂದರೆ ಗಾಡಿಗೆ ಒಪ್ಪಿಗೆ ಇರುವ ಭಾರಕ್ಕಿಂತ ಜಾಸ್ತಿ ಹೇರಿದರೆ ಪಾಟಾ (ಸ್ಪ್ರಿಂಗ್ ಪಟ್ಟಿ) ಬಗ್ಗುವುದು ಕಣ್ಣಿಗೆ ಕಾಣುತ್ತದೆ, ಪಿನಿಯನ್ ಬೇರಿಂಗ್ ನರಳುವುದು ಕಾಣುವುದಿಲ್ಲ. 'ಇನ್ನೊಂದ ನಾಕ ಚೀಲ ಒಗೀರಿ' ಅನ್ನುವ ಮಾಲೀಕರಿಗೆ ಇಲ್ಲ ಅನ್ನುವುದು ಕಷ್ಟ. ಅವರು ಮುಂದಿನ ಸಲ ಬೇರೆ ಗಾಡಿ ಕರೆಯುತ್ತಾರೆ. ಆದರೂ ಹೇಳಲೇಬೇಕು.

ಇನ್ನು ರಿಪೇರಿ. ಪಿನಿಯನ್ ಹೊರಗೆ ತೆಗೆದಾಗ ಮುಂದಿನ ಬೇರಿಂಗ್ ಮೇಲೆ ಉಗುರು ಆಡಿಸಿದರೆ ತೊಡಕುವಷ್ಟು ಗುಂಡಿ ಬಿದ್ದಿತ್ತು. ಹಿಂದಿನದು ನೋಡಲು ಚೆನ್ನಾಗಿಯೇ ಇತ್ತು. ಆದರೂ ಎರಡನ್ನೂ ಬದಲಿಸಿದರು, ಕೋನ್ (ರೋಲರ್ ಇರುವ ಒಳಭಾಗ) ಮತ್ತು ಕಪ್ (ಹೊರಗಿನ ಬಳೆ) ಜೊತೆಯಾಗಿ. ಹಳೇ ಕಪ್ ಒಳಗೆ ಹೊಸ ಕೋನ್ ಕೂರಿಸಿದರೆ ಬೇಗ ಹೋಗುತ್ತದೆ. ಕ್ರೌನ್, ಪಿನಿಯನ್ ಹಲ್ಲು ಚೆನ್ನಾಗಿದ್ದವು. ಹಲ್ಲಿಗೆ ಬಣ್ಣ ಸವರಿ ತಿರುಗಿಸಿ, ಅಚ್ಚು ಎಲ್ಲಿ ಬೀಳುತ್ತದೆ ಅಂತ ನನಗೂ ತೋರಿಸಿದರು. ಅಚ್ಚು ಹಲ್ಲಿನ ಅಂಚಿಗೆ ಸರಿಯದೇ ನಡುವೆ ಕೂತಿತ್ತು. ಕ್ರೌನ್ ಪಿನಿಯನ್ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಹಾಗಾಗಿ ಬದಲಿಸುವುದಾದರೆ ಜೋಡಿಯನ್ನೇ ಬದಲಿಸಬೇಕು. ನನಗೆ ಅದು ಬೇಕಾಗಲಿಲ್ಲ. 'ಸೆಟ್ಟ ಹಾಕ್ಬೇಕು' ಅಂದವರ ಮಾತಿಗೆ ತಲೆಯಾಡಿಸಿದ್ದರೆ ಒಳ್ಳೇ ಹಲ್ಲು ಗುಜರಿಗೆ ಹೋಗುತ್ತಿತ್ತು, ಹೊಸ ಸೆಟ್ಟಿಗೂ ಅದೇ ಮುಚ್ಚಿದ ಬ್ರೀದರ್ ಕಾದಿರುತ್ತಿತ್ತು.

ಪ್ರೊಪೆಲ್ಲರ್ ಶಾಫ್ಟನ್ನು ಪಿನಿಯನ್‌ಗೆ ಜೋಡಿಸುವ ಫ್ಲ್ಯಾಂಜ್ ಮೇಲೆ ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಗೆರೆ ಕೊರೆದಿತ್ತು. ಅದರ ಮೇಲೆ ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ ಅಂತ ಫ್ಲ್ಯಾಂಜನ್ನೂ ತರಿಸಿದರು. ಅದಕ್ಕೆ ನಾನು ಸ್ವಲ್ಪ ಗೊಣಗಿದೆ, ತುಟ್ಟಿ ಸಾಮಾನು. ಆದರೆ ಹಳೇದನ್ನು ಕೈಗೆ ಕೊಟ್ಟು, ಉಗುರು ಆಡಿಸು ಅಂದರು. ಉಗುರು ಗೆರೆಯಲ್ಲಿ ನಿಂತಿತು. ಸುಮ್ಮನಾದೆ.

ನನಗೆ ಬಹಳ ಹಿಡಿಸಿದ್ದು ಪಿನಿಯನ್ ನಟ್ ಬಿಗಿ ಮಾಡಿದ ರೀತಿ. ಈ ಬೇರಿಂಗ್‌ಗಳಿಗೆ ಇಂತಿಷ್ಟೇ ಬಿಗಿ ಇರಬೇಕು. ಕಡಿಮೆ ಆದರೆ ಪಿನಿಯನ್ ಆಡುತ್ತದೆ, ಅಳುತ್ತದೆ. ಹೆಚ್ಚಾದರೆ ಕಾದು ಸುಡುತ್ತದೆ. ಕೆಲವು ಗಾಡಿಯಲ್ಲಿ ಇದಕ್ಕೆ ಕುಗ್ಗುವ ಸ್ಲೀವ್ ಇರುತ್ತದೆ, ಕೆಲವದರಲ್ಲಿ ಶಿಮ್ ಅನ್ನುವ ತೆಳು ಬಿಲ್ಲೆ. ಬಹಳ ಕಡೆ ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸಿ, ಇಬ್ಬರು ಜೋತುಬಿದ್ದು, 'ಸಾಕು ಬಿಡು' ಅಂತಾರೆ. ಚಾಚಾ ಫ್ಲ್ಯಾಂಜಿಗೆ ಸಣ್ಣ ಹಗ್ಗ ಸುತ್ತಿದರು. ಹಗ್ಗದ ತುದಿಗೆ ಒಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದರು, ಸಂತೆಯಲ್ಲಿ ಕೊಕ್ಕೆಗೆ ಸಾಮಾನು ತೂಗು ಹಾಕಿ ತೂಗುತ್ತಾರಲ್ಲ, ಅದೇ. ಮೆಲ್ಲಗೆ ಎಳೆದರು. ಪಿನಿಯನ್ ತಿರುಗುತ್ತಾ ಇರುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿದರು. ನಟ್ ಒಂದು ಚೂರು ಬಿಗಿ ಮಾಡಿದರು, ಮತ್ತೆ ಎಳೆದರು. ಹುಡುಗನಿಗೆ ಓದಲು ಹೇಳಿ, ಪುಸ್ತಕದಿಂದ ಬರೆದಿಟ್ಟುಕೊಂಡ ಅಂಕಿಯ ಜೊತೆ ತಾಳೆ ನೋಡಿದರು. ಅಂಕಿ ಮುಟ್ಟಿದ ಮೇಲೆ ಒಂದು ಎಳೆಯೂ ಹೆಚ್ಚು ಬಿಗಿ ಮಾಡಲಿಲ್ಲ. ಕುಗ್ಗುವ ಸ್ಲೀವ್ ಒಂದು ಸಲ ಹೆಚ್ಚು ಕುಗ್ಗಿದರೆ ಮುಗೀತು, ನಟ್ ಸಡಿಲ ಮಾಡಿ ಸರಿ ಮಾಡಲಾಗುವುದಿಲ್ಲ, ಹೊಸದೇ ಹಾಕಬೇಕು.

ಬ್ರೀದರ್ ಹೊಸದು ಹಾಕಿ, ಅದಕ್ಕೊಂದು ರಬ್ಬರ್ ಪೈಪ್ ಜೋಡಿಸಿ, ಮಣ್ಣು ನೀರು ತಾಗದಂತೆ ಚಾಸಿಗೆ ಎತ್ತರದಲ್ಲಿ ಕಟ್ಟಿದರು. ಅದರ ಖರ್ಚು ದುರ್ಗದಬೈಲಿನಲ್ಲಿ ನಾವಿಬ್ಬರು ಗಿರಮಿಟ್ಟು, ಮಿರ್ಚಿ ತಿಂದದ್ದಕ್ಕಿಂತ ಹೆಚ್ಚಾಗಲಿಲ್ಲ. ಆಯಿಲ್ ಮಾತ್ರ ಡಬ್ಬಿ ಒಡೆದು ನನ್ನೆದುರೇ ಹಾಕಿ ಅಂದೆ. ಕ್ರೌನ್ ಪಿನಿಯನ್ ಹಲ್ಲು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತಲೂ ಇರುತ್ತದೆ. ಆ ಒತ್ತಡಕ್ಕೆ ಡಬ್ಬಿ ಮೇಲೆ ಜಿಎಲ್-5 ಅಂತ ಬರೆದ ಗೇರ್ ಆಯಿಲೇ ಬೇಕು. ದಪ್ಪ ಎಷ್ಟು, 80ಡಬ್ಲ್ಯು-90 ಹಾಕಬೇಕಾ, 85ಡಬ್ಲ್ಯು-140 ಹಾಕಬೇಕಾ ಅನ್ನುವುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಡ್ರಮ್ಮಿನ ಲೂಸ್ ಆಯಿಲ್ ಬೇಡವೇ ಬೇಡ. ಹಾಗೇ ಒಂದು ಮಾತು: ಹಳೇ ಗಾಡಿ ಮಾರುವಾಗ ಡಿಫರೆನ್ಶಿಯಲ್‌ಗೆ ಗ್ರೀಸ್ ತುಂಬಿ ಅಳು ಅಡಗಿಸುವ ಕಲೆ ಕೆಲವರಿಗೆ ಗೊತ್ತಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪ್ಲಗ್ ಬಿಚ್ಚಿಸಿ, ಬೆರಳಿಟ್ಟು ನೋಡಿಯೇ ಮುಂಗಡ ಕೊಡಿ.

ಗಾಡಿ ಈಗ ಪೂರ್ತಿ ಮೌನ ಅಂತ ಹೇಳಲಾರೆ. ಹಳೇ ಹಲ್ಲು, ಹೊಸ ಬೇರಿಂಗ್. ಎಂಬತ್ತರ ಹತ್ತಿರ ಸಣ್ಣ ದನಿ ಇದೆ, ಅದು ಇರುತ್ತೆ ಅಂತ ಚಾಚಾ ಮೊದಲೇ ಹೇಳಿದ್ದರು. ಆದರೆ ಮೂತಿ ಕಾಯುವುದಿಲ್ಲ, ಆಯಿಲ್ ಇಳಿದಿಲ್ಲ. ಸೀಲ್ ಒಣಗಿದೆ.

ಎಲ್ಲ ಅಳುವೂ ಇದೇ ಅಲ್ಲ ಅಂತಲೂ ಹೇಳಬೇಕು, ಇಲ್ಲಾಂದರೆ ನಾಳೆ ಎಲ್ಲರೂ ಬ್ರೀದರ್ ಹುಡುಕುತ್ತಾ ಕೂರುತ್ತಾರೆ. ಗಾಡಿ ನಿಂತಲ್ಲೇ, ಸ್ಟೇರಿಂಗ್ ತಿರುಗಿಸಿದಾಗ ಕುಂಯ್ ಅಂದರೆ ಮೊದಲು ಪವರ್ ಸ್ಟೇರಿಂಗ್ ಡಬ್ಬಿಯಲ್ಲಿ ಆಯಿಲ್ ನೋಡಿ. ಹೆಡ್‌ಲೈಟ್ ಹಾಕಿದಾಗ ಜಾಸ್ತಿ ಆದರೆ ಡೈನಮೋ, ಬೆಲ್ಟ್. ನ್ಯೂಟ್ರಲ್‌ನಲ್ಲಿ ನಿಂತಾಗ ಶಬ್ದ ಇದ್ದು ಕ್ಲಚ್ ಒತ್ತಿದರೆ ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್. ಉಲ್ಟಾ, ಕ್ಲಚ್ ಒತ್ತಿದಾಗಲೇ ಬಂದರೆ ರಿಲೀಸ್ ಬೇರಿಂಗ್. ಏರು ಹತ್ತುವಾಗ ಸಿಳ್ಳೆ ಹೊಡೆದರೆ ಟರ್ಬೊ ಕಡೆಯ ಪೈಪ್ ಎಲ್ಲಾದರೂ ಸೀಳಿರಬಹುದು. ಯಾವುದೇ ಇರಲಿ, ಗಾಡಿ ಬಿಡುವ ಮೊದಲು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಮಿಸ್ತ್ರಿಗೆ ಕೊಡಿ. 'ಗಾಡಿ ಸೌಂಡ್ ಮಾಡಾಕತ್ತೈತಿ, ನೋಡ್ರಿ' ಅಂದು ಚಾವಿ ಕೊಟ್ಟು ಹೋದರೆ ಅವರಾದರೂ ಏನು ಮಾಡಬೇಕು?

ಮತ್ತೆ, ಅಳುತ್ತಾ ಇದ್ದರೂ ಓಡ್ತಾ ಇದೆಯಲ್ಲ ಅಂತ ಬಿಡುವವರಿಗೆ ಒಂದು ಎಚ್ಚರಿಕೆ. ಪಿನಿಯನ್ ಬೇರಿಂಗ್ ಪೂರ್ತಿ ಹಿಡಿದುಕೊಂಡರೆ ಹಿಂದಿನ ಗಾಲಿಗಳು ಓಡುವಾಗಲೇ ನಿಂತುಬಿಡಬಹುದು. ಹೆದ್ದಾರಿಯಲ್ಲಿ, ಲೋಡ್ ಮೇಲೆ, ಹಿಂದೆ ಲಾರಿ ಇದ್ದಾಗ ಹಾಗಾದರೆ ಏನು ಗತಿ ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಗ್ಯಾರೇಜಿನವರಿಗೆ ನನ್ನ ಕೋರಿಕೆ ಇಷ್ಟು. ಬಿಚ್ಚುವ ಮೊದಲು ಗಾಡಿಯಲ್ಲಿ ಕೂತು ಒಂದು ಸುತ್ತು ಬನ್ನಿ. ಅದಕ್ಕೆ ದುಡ್ಡು ತಗೊಳ್ಳಿ, ಬೋರ್ಡಿನ ಮೇಲೆ ರೇಟ್ ಬರೆದು ಹಾಕಿ. ಹಳೇ ಸಾಮಾನನ್ನು ಗಿರಾಕಿ ಕೈಗೆ ಕೊಡಿ. ಬಿಲ್ಲಿನ ಮೇಲೆ ಯಾವ ದೋಷ ಅಂತ ಬರೆಯಿರಿ. ಕಚ್ಚಾ ಚೀಟಿಯೂ ಕೊಡದವರು ಇದ್ದಾರೆ. ಸೇವೆಗೆ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಬಹುದು. ಚಾಲಕ ಗೆಳೆಯರಿಗೂ ಇಷ್ಟೇ: ಕೇಳಿದ್ದಕ್ಕೆ ಕೂಲಿ ಕೊಡಿ. ಚಾಚಾ ಆ ಸವಾರಿಗೆ ತಗೊಂಡ ದುಡ್ಡು ಒಂದು ಬಾಡಿಗೆಯ ಡೀಸೆಲ್‌ಗೂ ಸಾಲುತ್ತಿರಲಿಲ್ಲ. ಉಳಿಸಿದ್ದು ಒಂದು ಕ್ರೌನ್ ಪಿನಿಯನ್ ಸೆಟ್ಟು.

ಎಪಿಎಂಸಿ ಆಡಳಿತದವರಿಗೂ, ಐಟಿಐ ಪ್ರಾಂಶುಪಾಲರಿಗೂ ನಿಮ್ಮ ಪತ್ರಿಕೆ ಮೂಲಕ ಒಂದು ಮಾತು ಮುಟ್ಟಿಸಿ. ಗದಗ ಮತ್ತು ಅಮರಗೋಳ ಮಾರುಕಟ್ಟೆಯಲ್ಲಿ ಸವಾಲು (ಹರಾಜು) ಮುಗಿಯುವವರೆಗೆ ಗಾಡಿಗಳು ಗಂಟೆಗಟ್ಟಲೆ ಸುಮ್ನೆ ನಿಂತಿರುತ್ತವೆ. ಒಂದು ಮೂಲೆಯಲ್ಲಿ ಗಾಡಿ ಹತ್ತಿಸಿ ಕೆಳಗೆ ನೋಡುವಂಥ ಸಿಮೆಂಟಿನ ರ‍್ಯಾಂಪ್ ಕಟ್ಟಿಸಿದರೆ, ಪೇಟೆ ದಿನ ಮೋಟಾರ್ ಮೆಕ್ಯಾನಿಕ್ ಓದುವ ಐಟಿಐ ಹುಡುಗರು ಒಬ್ಬ ಮೇಷ್ಟ್ರ ಜೊತೆ ಬಂದು ಬ್ರೀದರ್ ಕೆರೆದು, ಪ್ಲಗ್ ಬಿಚ್ಚಿ, ಆಯಿಲ್ ಮಟ್ಟ ನೋಡಬಹುದು. ಅವರಿಗೆ ಕೈ ಪಳಗುತ್ತದೆ, ನಮಗೆ ಖರ್ಚು ಉಳಿಯುತ್ತದೆ. ಕಲಿಯಲು ಗಾಡಿ ನಾವು ಕೊಡುತ್ತೇವೆ. ಅಳುವ ಪಿಕಪ್‌ಗಳಿಗೆ ನಮ್ಮ ಸ್ಟ್ಯಾಂಡಿನಲ್ಲಿ ಬರ ಇಲ್ಲ.

ಇಂತಿ,
ಒಬ್ಬ ಪಿಕಪ್ ಚಾಲಕ
ಬೆಟಗೇರಿ, ಗದಗ